ಸುಳ್ಳು ಸವಾಲು

ಉಸ್ಮಾನಸಾಬನ ಎಡಗಾಲಿನಲ್ಲಿ ಬೆರಳುಗಳಿರಲಿಲ್ಲ. ದಾಂಡೇಲಿಯಲ್ಲಿ ಒಬ್ಬ ಸಾಹುಕಾರನ ನಾಟಾ ಡಿಪೋದಲ್ಲಿ ಸಾಗವಾನಿ ದಿಮ್ಮಿಯೊಂದು ಜಾರಿ ಐದನ್ನೂ ಒಟ್ಟಿಗೆ ಅರೆದುಹಾಕಿತ್ತು. ಆ ದಿನ ಅವನನ್ನು ಬೆನ್ನ ಮೇಲೆ ಹೊತ್ತು ಎರಡು ಮೈಲಿ ನಡೆದು ದವಾಖಾನೆ ಮುಟ್ಟಿಸಿದವನು ಲಾಲು, ದಿಮ್ಮಿ ಎಳೆಯುವ ಲಂಬಾಣಿ. ದಾರಿಯುದ್ದಕ್ಕೂ ಉಸ್ಮಾನಸಾಬ ದಿಮ್ಮಿಯ ತಾಯಿಯನ್ನೂ ಸಾಹುಕಾರನ ತಾಯಿಯನ್ನೂ ಬೈಯುತ್ತಿದ್ದ. "ಬಾಯಿ ಗಟ್ಟಿ ಐತಿ. ನೀ ಸಾಯೂದಿಲ್ಲ ಬಿಡಣ್ಣಾ," ಎಂದಿದ್ದ ಲಾಲು.

ಬಾಯಿ ಗಟ್ಟಿಯೇ ಇತ್ತು. ಉಸ್ಮಾನಸಾಬನ ಕೆಲಸವೇ ಬಾಯಿಯದು. ಡಿಪೋದಲ್ಲಿ ಲಿಲಾವು ನಡೆಯುವ ದಿನ ದಿಮ್ಮಿಗಳ ರಾಶಿಯ ಮೇಲೆ ನಿಂತು ಕೂಗುವವನು ಅವನು. ಒಂದ ಬಾರ, ಎರಡ ಬಾರ, ಮೂರ ಬಾರ. ಹನ್ನೆರಡು ವರ್ಷ ಕೂಗಿ ಅವನು ಒಂದು ಸಂಗತಿ ಕಲಿತಿದ್ದ: ಯಾರೂ ಬೇಕೆಂದು ಬೇಡುವುದಿಲ್ಲ, ಪಕ್ಕದವನು ಒಯ್ಯುತ್ತಾನೆಂದು ಬೇಡುತ್ತಾರೆ. ಹೊಟ್ಟೆ ಹಸಿಯುವುದಕ್ಕಿಂತ ಹೊಟ್ಟೆ ಉರಿಯುವುದು ಬೇಗ.

ಅದಕ್ಕಾಗಿ ವ್ಯಾಪಾರಿಗಳ ನಡುವೆ ಅವನು ತನ್ನ ಮನುಷ್ಯನೊಬ್ಬನನ್ನು ನಿಲ್ಲಿಸುತ್ತಿದ್ದ. ಆ ಮನುಷ್ಯ ಲಾಲು. ಮೈ ತೊಳೆಸಿ, ಸಾಹುಕಾರನ ಹಳೆಯ ಕರಿ ಕೋಟು ತೊಡಿಸಿ, ತಲೆಗೆ ರುಮಾಲು ಸುತ್ತಿಸಿದರೆ ಲಾಲು ಹುಬ್ಬಳ್ಳಿಯ ಕಟ್ಟಿಗೆ ವ್ಯಾಪಾರಿಯಂತೆಯೇ ಕಾಣುತ್ತಿದ್ದ. ಬಾಯಿ ಬಿಡಬಾರದು ಅಷ್ಟೆ, ಬೆರಳು ಎತ್ತಬೇಕು. ಇದಕ್ಕೆ ಸುಳ್ಳು ಸವಾಲು ಎಂದು ಹೆಸರು. ಅದರ ನಿಯಮ ಒಂದೇ: ಮೂರನೆಯ ಬಾರಿ ಕೂಗುವುದರೊಳಗೆ ಸುಳ್ಳು ಸವಾಲಿನವನು ಹಿಂದೆ ಸರಿಯಬೇಕು. ಮಾಲು ಅವನ ಕೊರಳಿಗೇ ಬಿದ್ದರೆ ಆಟ ಬಯಲು. ಎಂಟು ವರ್ಷದಲ್ಲಿ ಲಾಲು ಒಮ್ಮೆಯೂ ತಪ್ಪಿರಲಿಲ್ಲ.

ಲಡಾಯಿ ಬಂತು. ದಿಮ್ಮಿಗಳು ನೇರವಾಗಿ ಲಡಾಯಿಗೆ ಹೋಗತೊಡಗಿದವು, ಲಿಲಾವು ನಿಂತಿತು. ಸಾಹುಕಾರ ಇಬ್ಬರನ್ನೂ ಕಳಿಸಿಬಿಟ್ಟ. ಕರಿ ಕೋಟು ಮಾತ್ರ ಲಾಲುವಿನ ಮೈಮೇಲೆಯೇ ಹೋಯಿತು. ಉಸ್ಮಾನಸಾಬ ತೇರಗಾಂವದಾಚೆಯ ಹಾಲಕೊಪ್ಪಕ್ಕೆ, ಹೆಂಡತಿ ರಹಿಮತಬಿ ಕಾಯುತ್ತಿದ್ದ ಒಂದಂಕಣದ ಮನೆಗೆ ಬಂದ. ಲಾಲು ಹಾಲಕೊಪ್ಪದ ಹಳ್ಳದಗುಂಟ ಅರ್ಧ ಮೈಲಿ ಕೆಳಗಿದ್ದ ತನ್ನ ತಾಂಡೆಗೆ ಹೋದ.

ಊರವರು ಉಸ್ಮಾನಸಾಬನಿಗೆ ಡಂಗುರದ ಕೆಲಸ ಕೊಟ್ಟರು. ಸೀಮೆಎಣ್ಣೆ ಡಬ್ಬಿಯ ಮೇಲೆ ಕೋಲಿನಿಂದ ಬಡಿದು ಸಾರುವುದು. ಕಂದಾಯ ಕಟ್ಟಬೇಕು, ಎಮ್ಮೆ ಕಳೆದಿದೆ, ಸಕ್ಕರೆ ಚೀಟಿ ಬಂದಿದೆ. ದಾಂಡೇಲಿಯಲ್ಲಿ ಅವನ ಬಾಯಿ ನೋಡುತ್ತ ಐವತ್ತು ವ್ಯಾಪಾರಿಗಳು ಉಸಿರು ಬಿಗಿ ಹಿಡಿಯುತ್ತಿದ್ದರು. ಇಲ್ಲಿ ಅವನು ಕೂಗುತ್ತ ಹೋದರೆ ಕಟ್ಟೆಯ ಮೇಲಿನ ಹೆಂಗಸರು ಹೇನು ಹೆಕ್ಕುವುದನ್ನೂ ನಿಲ್ಲಿಸುತ್ತಿರಲಿಲ್ಲ.

ನಲವತ್ತಮೂರನೆಯ ಇಸವಿಯ ಮೇ ತಿಂಗಳಲ್ಲಿ ಮುಂಡಗೋಡದ ಕಡೆಯಿಂದ ವಾಂತಿಭೇದಿ ಬಂತು. ಒಂದು ಮದುವೆಯ ಊಟದಿಂದ ಇನ್ನೊಂದು ಮದುವೆಯ ಊಟಕ್ಕೆ ದಾಟುತ್ತ ಊರಿಗೆ ಮೂರು ಹರದಾರಿ ದೂರದವರೆಗೆ ಬಂದು ಮುಟ್ಟಿತು. ಹಾಲಕೊಪ್ಪದ ಹಳ್ಳ ಆ ಹೊತ್ತಿಗೆ ಬತ್ತಿ ಮಡುಗಳಾಗಿತ್ತು. ಊರ ಪಕ್ಕದ ಮಡುವಿನಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದರು, ಬಾಣಂತಿಯ ಬಟ್ಟೆ ಒಗೆಯುತ್ತಿದ್ದರು, ಬೆಳಿಗ್ಗೆ ಎರಡೂ ದಂಡೆಯ ಮೇಲೆ ಸಾಲಾಗಿ ಕೂತೆದ್ದು ಅಲ್ಲೇ ಕುಂಡಿ ತೊಳೆಯುತ್ತಿದ್ದರು. ಮದುವೆಯ ಎಂಜಲೆಲೆಗಳು ತೇಲುತ್ತ ಕೊಳೆಯುತ್ತಿದ್ದವು. ಅನ್ನದ ಅಗುಳು ಹುಳದಂತೆ ಉಬ್ಬಿ, ಹುಳ ಯಾವುದು ಅಗುಳು ಯಾವುದು ಎಂದು ತಿಳಿಯುತ್ತಿರಲಿಲ್ಲ. ಈ ನೀರು ಉಸುಕಿನ ಕೆಳಗೆ ಜಿನುಗಿ ತಾಂಡೆಯವರೆಗೆ ಹೋಗುತ್ತಿತ್ತು. ಅಲ್ಲಿಯ ಹೆಂಗಸರು ಉಸುಕಿನಲ್ಲಿ ವರತೆ ತೋಡಿ ಅದನ್ನು ಬೊಗಸೆಯಿಂದ ಕೊಡಕ್ಕೆ ತುಂಬಿಕೊಳ್ಳುತ್ತಿದ್ದರು. ಊರವರು ಕುಡಿಯುವುದು ಮೇಲೋಣಿಯ ಬಾವಿಯ ನೀರು. ಊರು ತೊಳೆದದ್ದನ್ನು ತಾಂಡೆ ಕುಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ.

ದೇವಿ ಡಾಕ್ಟರ ಸೈಕಲ್ಲಿನ ಮೇಲೆ ಬಂದ. ಹೆಸರು ಚನಬಸಪ್ಪ. ಅವನು ಡಾಕ್ಟರನಲ್ಲ. ಮಕ್ಕಳ ತೋಳಿಗೆ ಸಿಡುಬಿನ ದೇವಿ ಹಾಕುವ ನೌಕರನಾದ್ದರಿಂದ ಊರವರು ಹಾಗೆನ್ನುತ್ತಿದ್ದರು. ಈ ಸಲ ವಾಂತಿಭೇದಿಯ ಸೂಜಿ ತಂದಿದ್ದ. ಹತ್ತು ಬಾಟಲಿ, ಬಾಟಲಿಗೆ ಇಪ್ಪತ್ತು ಜನ. ಚಾವಡಿಯಲ್ಲಿ ನಿಂತು ಒಂದು ತಾಸು ಮಾತಾಡಿದ. ಕಣ್ಣಿಗೆ ಕಾಣದ ಜಂತು ಎಂದ, ಆರೋಗ್ಯವೇ ಭಾಗ್ಯ ಎಂದ, ನೀರು ಕಾಯಿಸಿ ಕುಡಿಯಿರಿ ಎಂದ.

"ಕಾಸಿದ ನೀರು ಬಾಣಂತಿ ಕುಡೀತಾಳ," ಎಂದಳು ಮುದಕವ್ವ. ಊರಲ್ಲಿ ಅವಳಿಗಿಂತ ಹಳೆಯದು ಬಾವಿಯೊಂದೇ. "ನನಗ ಈ ವಯಸ್ಸಿನಾಗ ಯಾರ ಬಸರು ಮಾಡ್ಯಾರಪಾ?"

ಜನ ನಕ್ಕು ಎದ್ದುಹೋದರು. ಸೂಜಿ ಚುಚ್ಚಿಸಿಕೊಂಡವರ ಹೆಸರು ಬರೆದುಕೊಂಡು ಲಡಾಯಿಗೆ ಒಯ್ಯುತ್ತಾರೆಂದು ಸಂಜೆಯೊಳಗೆ ಸುದ್ದಿ ಹಬ್ಬಿತು. ಎರಡು ದಿನದಲ್ಲಿ ತೋಳು ಕೊಟ್ಟವರು ಮೂವರು: ಚನಬಸಪ್ಪನ ಸಿಪಾಯಿ, ಊರ ಕುಲಕರ್ಣಿ, ಉಸ್ಮಾನಸಾಬ.

"ತಾಂಡೆಕ್ಕರೆ ಹೋಗೂಣು ಬರ್ರಿ ಸಾಹೇಬ್ರ," ಎಂದು ಉಸ್ಮಾನಸಾಬ ಅವನನ್ನು ಕರೆದುಕೊಂಡು ಹೋದ. ತಾಂಡೆಯ ನಾಯಕ ಗೇಮಪ್ಪ ಇಬ್ಬರಿಗೂ ಕಂಬಳಿ ಹಾಸಿ ಕೂರಿಸಿ, ಬೇಡವೆಂದ.

"ಹೋದ ಸಲ ದೇವಿ ಹಾಕೂ ಮುಂದ ಮೊದಲ ನಮಗ ಹಾಕಿದ್ರಿ. ನಮ್ಮ ಕೂಸುಗಳ ತೋಳು ಬಾತು ಕೀವು ಸೋರತಿತ್ತು. ಊರವರು ದಂಡಿ ಮ್ಯಾಲೆ ನಿಂತು ನೋಡಿದ್ರು. ನಾವು ಸಾಯಲಿಲ್ಲಂತ ಖಾತ್ರಿ ಆದಮ್ಯಾಲೆ ತಾವು ಹಾಕಿಸಿಕೊಂಡ್ರು. ಈ ಸಲ ಅವರ ತೋಳು ಮೊದಲ ಬಾಯಲಿ. ಊರು ಹಾಕಿಸಿಕೊಂಡ ದಿನಾನ ನಾವು ಅರವತ್ತೆರಡೂ ಮಂದಿ ಬರ್ತೇವಿ."

ಉಸ್ಮಾನಸಾಬ ಎದ್ದ. ಲಾಲು ದಾರಿಯವರೆಗೂ ಕಳಿಸಲು ಬಂದ. ಅವನ ಹೆಂಡತಿ ಗಂಗಿಬಾಯಿ ವರತೆಯ ಹತ್ತಿರ ಕೂತು ನೀರು ತುಂಬುತ್ತಿದ್ದಳು. ಎರಡು ಹೆಣ್ಣುಮಕ್ಕಳು ಪಕ್ಕದಲ್ಲಿ ಬೊಗಸೆ ಬೊಗಸೆ ಕುಡಿಯುತ್ತಿದ್ದವು.

"ಉಸ್ಮಾನಣ್ಣಾ, ನಾಯಕ ಒಮ್ಮೆ ಅಂದ್ರ ಅಂದ. ನೀ ಊರು ಎಬ್ಬಸು."

"ಊರೇನು ಮಲಗೇತೇನು ಎಬ್ಬಸಾಕ? ಕಣ್ಣು ತಕ್ಕೊಂಡ ಬಿದ್ದೈತಿ."

"ದಾಂಡೇಲ್ಯಾಗ ಗೆದ್ದಲ ತಿಂದ ದಿಮ್ಮಿ ಮಾರಿದಾಂವ ನೀ. ಖರೇ ಔಷಧ ಮಾರಾಕ ಬರೂದಿಲ್ಲೇನು?"

ಉಸ್ಮಾನಸಾಬ ನಿಂತ. ಲಾಲುವಿನ ಮುಖ ನೋಡಿದ.

"ಕೋಟು ಐತೇನು?"

"ಐತಿ. ಗುಂಡಿ ಎರಡು ಹೋಗ್ಯಾವು."

ಮರುದಿನ ಮಧ್ಯಾಹ್ನ ಚನಬಸಪ್ಪ ಹೊರಡಬೇಕಿತ್ತು. ಬಿಸಿಲಿಗೆ ಬಾಟಲಿ ಕೆಡುತ್ತವೆ ಎನ್ನುತ್ತಿದ್ದ. ಮೇಲಿನವರಿಗೆ ಮೂರು ಎಂದು ಹೇಗೆ ಬರೆಯಲಿ ಎನ್ನುವುದೇ ಅವನಿಗೆ ಹೆಚ್ಚಿನ ಚಿಂತೆ. ಉಸ್ಮಾನಸಾಬ ಅವನ ಎದುರೇ ಮೂರು ಬಾಟಲಿಗಳನ್ನು ಹಸಿ ಬಟ್ಟೆಯಲ್ಲಿ ಸುತ್ತಿಸಿ, ಹೊಸ ಗಡಿಗೆಯಲ್ಲಿಡಿಸಿ, ಚಾವಡಿಯ ಬಾಕಿನ ಕೆಳಗೆ ತಳ್ಳಿಸಿದ.

"ಇವು ತಾಂಡೆದು. ಅರವತ್ತು ಮಂದೀಗೆ ಆಗತಾವು. ಇನ್ನಿಬ್ಬರಿಗೆ ತಳಾ ಬಳದು ಹಾಕ್ರಿ. ಊರವರು ಬಂದ್ರ ಉಳಿದ ಏಳರಾಗ ಮುಗಸ್ರಿ."

"ಬರಲಿ ಮೊದಲ," ಎಂದ ಚನಬಸಪ್ಪ.

ಅಂದೇ ಸಂಜೆ ಉಸ್ಮಾನಸಾಬ ಡಬ್ಬಿ ಹಿಡಿದು ಓಣಿ ಓಣಿ ಕುಂಟಿದ.

"ಕೇಳ್ರಪ್ಪೋ ಕೇಳ್ರಿ. ಸರಕಾರದ ಸೂಜಿ ಸ್ವಲ್ಪ ಬಂದೈತಿ. ಎಲ್ಲಾ ನಮಗ ಬೇಕಂತ ತಾಂಡೆದವರು ಕೇಳ್ಯಾರ. ನಾಳೆ ಮುಂಜಾನೆ ಅವರು ಬಂದು ಹಾಕಸ್ಕೊಂಡು ಹೊಕ್ಕಾರ. ನಿಮಗ ಬ್ಯಾಡಂತ ನನಗ ಗೊತ್ತೈತಿ. ಸುಮ್ಮ ತಿಳಸೂದು ನನ್ನ ಕೆಲಸ."

ಕೊನೆಯ ಎರಡು ಮಾತು ಅವನಿಗೇ ಇಷ್ಟವಾದವು. ಮುದಕವ್ವನ ತಲೆಯಲ್ಲಿ ಹೇನು ಹೆಕ್ಕುತ್ತಿದ್ದ ಸೊಸೆಯ ಬೆರಳು ನಿಂತಿತು.

"ಲಂಬಾಣ್ಯಾರಿಗ್ಯಾಕ ಅಷ್ಟ ಆಸೆ ಹತ್ತೇತಿ?" ಎಂದಳು ಮುದಕವ್ವ. "ಅದರಾಗ ಏನೋ ಐತಿ ಬಿಡ."

ಬೆಳಿಗ್ಗೆ ಚಾವಡಿಯ ಮುಂದೆ ಲಾಲು ಕರಿ ಕೋಟು ತೊಟ್ಟು ನಿಂತಿದ್ದ. ಅದರ ಬಲತೋಳನ್ನು ಭುಜದ ತನಕ ಮಡಚಿದ್ದ. ಅವನ ಹಿಂದೆ ಗಂಗಿಬಾಯಿ ಮತ್ತು ತಾಂಡೆಯ ಆರು ಜನ. ಊರು ನೋಡಲು ಬಂತು. ಮೊದಲು ದೂರದಲ್ಲಿ ನಿಂತಿತು, ಆಮೇಲೆ ಹತ್ತಿರ ಬಂತು. ಉಸ್ಮಾನಸಾಬ ಬಾಕಿನ ಮೇಲೆ ಹತ್ತಿದ.

"ತಾಂಡೆದಾಂವ ತೋಳು ಕೊಟ್ಟ. ಒಂದ ಬಾರ."

ಲಾಲು ಒಂದು ಹೆಜ್ಜೆ ಮುಂದೆ ಬಂದ. ಗಂಭೀರವಾಗಿದ್ದ. ತುಟಿಯ ಮೂಲೆಯಲ್ಲಿ ನಗು ಇದ್ದದ್ದು ಉಸ್ಮಾನಸಾಬನಿಗೆ ಮಾತ್ರ ಕಂಡಿತು.

"ಎರಡ ಬಾರ. ಊರಾಗ ಯಾರೂ ಇಲ್ಲಂದ್ರ ಪೂರಾ ಪೆಟಗಿ ತಾಂಡೆಕ್ಕ."

"ತಡೀ ಉಸ್ಮಾನ್ಯಾ," ಎಂದು ಊರ ಗೌಡ ಅಂಗಿ ಕಳಚುತ್ತ ಮೆಟ್ಟಿಲು ಹತ್ತಿದ. "ಸರಕಾರದ್ದು ಮೊದಲ ಊರಿಗೆ ಬರೂದು, ಆಮೇಲೆ ತಾಂಡೆಕ್ಕ. ಏ ಕೋಟಿನ್ಯಾವ, ಸರೀ ಆಚೆ."

ಲಾಲು ಸರಿದ. "ಮೂರ ಬಾರ," ಎಂದ ಉಸ್ಮಾನಸಾಬ.

ಆಮೇಲೆ ಊರು ಬಿದ್ದಿತು. ಬಿದ್ದಿತು ಎಂದರೆ, ಹೆಣದ ಮೇಲೆ ಹದ್ದು ಬಿದ್ದಂತೆ. ಎರಡು ದಿನ ಮೂಗು ಮುರಿದವರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ತೋಳು ಚಾಚಿದರು. ಬೆವರು, ಎಣ್ಣೆ, ಬಾಯಿಯ ತಂಬಾಕಿನ ವಾಸನೆ ಚಾವಡಿಯಲ್ಲಿ ಗೋಡೆಯಂತೆ ನಿಂತಿತು. ಚನಬಸಪ್ಪ ಒಂದೇ ಸೂಜಿಯನ್ನು ಧೋತರದ ಚುಂಗಿಗೆ ಒರೆಸುತ್ತ ಚುಚ್ಚುತ್ತ ಹೋದ. ಅವನ ಮುಖ ಅರಳಿತ್ತು, ತುಟಿ ಲೆಕ್ಕ ಎಣಿಸುತ್ತಿತ್ತು. ಬಾಕಿನ ಮೇಲಿನ ಉಸ್ಮಾನಸಾಬನೂ ಕೂಗುತ್ತಲೇ ಇದ್ದ. ಕೂಗುವ ಅಗತ್ಯ ಮುಗಿದು ಎಷ್ಟೋ ಹೊತ್ತಾಗಿತ್ತು. ಜನ ಮತ್ತೆ ತನ್ನ ಬಾಯಿ ನೋಡುತ್ತಿದ್ದಾರೆ ಎಂಬುದು ಅವನ ಎದೆಯಲ್ಲಿ ಹೆಂಡದಂತೆ ಏರಿತ್ತು.

ಚುಚ್ಚಿಸಿಕೊಂಡವರು ಮನೆಗೆ ಹೋಗಲಿಲ್ಲ. ಒಬ್ಬ ಇನ್ನೊಂದು ತೋಳು ಹಿಡಿದು ಮತ್ತೆ ಸಾಲಿಗೆ ಬಂದ.

"ಈಗ ತಾನ ಹಾಕೇನಲ್ಲೋ ನಿನಗ?"

"ಅದು ಬಲಗೈರಿ. ಬಲಗೈ ಬದುಕಿ ಎಡಗೈ ಸಾಯಬೇಕೇನು?"

ಚನಬಸಪ್ಪ ನಕ್ಕು ಚುಚ್ಚಿದ. ಪುಸ್ತಕದಲ್ಲಿ ಇನ್ನೊಂದು ಗೀಟು ಎಳೆದ. ಅದನ್ನು ಕಂಡು ಹತ್ತು ಜನ ಎಡಗೈ ತಂದರು, ಆಮೇಲೆ ಇಪ್ಪತ್ತು. ಮುದಕವ್ವ ಎರಡೂ ತೋಳಿಗೆ ಹಾಕಿಸಿಕೊಂಡು ಮಂಡಿನೋವಿಗೂ ಒಂದು ಕೇಳಿದಳು. ಗೌಡನ ಮನೆಯ ಮದುವೆಗೆ ಬಂದಿದ್ದ ನೆಂಟರು ಬಂದರು. ಅವರಲ್ಲಿ ಗೌಡನ ಹೆಂಡತಿಯ ತಮ್ಮನೊಬ್ಬ, ರೋಗ ಬಿದ್ದ ಊರಿನವನು. ಗೌಡನ ಆಳು ಒಂದು ಎತ್ತನ್ನು ಹೊಡೆದುಕೊಂಡು ಬಂದ.

"ಇದಕ್ಕೂ ಹಾಕ್ರಿ ಡಾಕ್ಟರ," ಎಂದ ಗೌಡ.

"ಇದು ಮನಶೇರದ್ದು, ಗೌಡ್ರ."

"ನನ್ನ ಎತ್ತಿನ ಬೆಲಿ ಯಾವ ಮನಶ್ಯಾಗ ಐತಿ ಈ ಊರಾಗ?"

ಜನ ನಕ್ಕರು. ಎತ್ತಿನ ಕುತ್ತಿಗೆಗೆ ಆರು ಜನರ ಔಷಧ ಹೋಯಿತು. ಏಳನೆಯ ಬಾಟಲಿ ಮುಗಿಯಿತು. ಇನ್ನೂ ಚಾವಡಿಯ ತುಂಬ ಚಾಚಿದ ತೋಳುಗಳಿದ್ದವು, ಹೆಚ್ಚಿನವು ಎಡಗೈ. ಯಾರದೋ ಕಾಲು ಬಾಕಿನ ಕೆಳಗಿನ ಗಡಿಗೆಗೆ ತಗುಲಿ ಬಾಟಲಿ ಖಣ್ ಎಂದಿತು. ಗೌಡ ಬಗ್ಗಿ ಹಸಿ ಬಟ್ಟೆ ಎಳೆದ.

"ಇವು ಯಾರವು?"

ಚನಬಸಪ್ಪ ಉಸ್ಮಾನಸಾಬನ ಮುಖ ನೋಡಿದ. ಊರೆಲ್ಲ ನೋಡಿತು. ಹೊರಗೆ ಅಂಗಳದಲ್ಲಿ ಲಾಲು ಕೋಟಿನ ತೋಳು ಮಡಚಿಕೊಂಡೇ ನಿಂತಿದ್ದ. ಅವನ ಹಿಂದೆ ಈಗ ತಾಂಡೆಯ ಮಂದಿ ಪೂರ್ತಿ ಬಂದಿದ್ದರು. ಗೇಮಪ್ಪ ನಾಯಕ ಮಾತಿಗೆ ತಪ್ಪಿರಲಿಲ್ಲ.

ಇವು ತಾಂಡೆಯವು ಎಂದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ, ತಾಂಡೆಯ ಪಾಲು ನಿನ್ನೆಯೇ ತೆಗೆದಿಟ್ಟಿದ್ದು ಎಂದಾಗುತ್ತದೆ. ನಿನ್ನೆಯ ಡಂಗುರ ಸುಳ್ಳು, ಕೋಟು ಸುಳ್ಳು, ಗೌಡ ಅಂಗಿ ಕಳಚಿ ಓಡಿಬಂದದ್ದು ಒಂದು ಸುಳ್ಳು ಸವಾಲಿಗೆ ಎಂದಾಗುತ್ತದೆ. ಊರ ಮುಂದೆ ಗೌಡ ನಗೆಪಾಟಲಾಗುತ್ತಾನೆ. ಉಸ್ಮಾನಸಾಬನ ಬೆನ್ನಿಗೆ ಬೀಳುವ ಏಟು ಉಸ್ಮಾನಸಾಬನಿಗೆ ಆಗಲೇ ತಾಗಿತ್ತು.

"ಉಳಿದದ್ದು," ಎಂದ.

"ಉಳಿದದ್ದಂದ್ರ?"

"ಉಳಿದದ್ದಂದ್ರ ಉಳಿದದ್ದು, ಗೌಡ್ರ. ಮಿಕ್ಕಿದ್ದು." ಮುಂದಿನದನ್ನು ಅವನ ಬಾಯಿ ತಾನೇ ಹೇಳಿತು. ಹನ್ನೆರಡು ವರ್ಷದ ಚಟ. "ಒಂದ ಬಾರ."

ಹೊರಗೆ ಲಾಲು ಅವನನ್ನೇ ನೋಡುತ್ತಿದ್ದ. ಒಂದು ಹೆಜ್ಜೆ ಮುಂದಿಟ್ಟ.

"ಎರಡ ಬಾರ."

ಲಾಲು ಬೆರಳು ಎತ್ತಿದ. ಗೌಡ ಆ ಕಡೆ ತಿರುಗಿ ನೋಡಿದ. ಮೂರನೆಯದನ್ನು ಉಸ್ಮಾನಸಾಬ ನೆಲ ನೋಡಿ ಹೇಳಿದ. ಅಷ್ಟರಲ್ಲಿ ಲಾಲು ಎಂಟು ವರ್ಷ ಸರಿದಂತೆಯೇ ಹಿಂದೆ ಸರಿದಿದ್ದ.

ಮೂರು ಬಾಟಲಿ ಅರ್ಧ ತಾಸಿನಲ್ಲಿ ಮುಗಿದವು. ಚನಬಸಪ್ಪ ಪುಸ್ತಕದಲ್ಲಿ ಇನ್ನೂರು ಜನ ಎಂದು ಬರೆದು ಕೆಳಗೆ ಗೀಟು ಹಾಕಿದ. ಆ ಇನ್ನೂರರಲ್ಲಿ ಎಡಗೈಗಳೂ ಎತ್ತೂ ಸೇರಿದ್ದವು. ಎಂಟು ದಿನದಲ್ಲಿ ಇನ್ನಷ್ಟು ತರುತ್ತೇನೆ ಎಂದು ಸೈಕಲ್ಲು ಹತ್ತಿದ.

ಅಂಗಳ ಖಾಲಿಯಾದ ಮೇಲೆ ಲಾಲು ಬಂದ. ಬೈಯುತ್ತಾನೆಂದು ಉಸ್ಮಾನಸಾಬ ಕಾದ. ಬೈದಿದ್ದರೆ ಚೆನ್ನಾಗಿತ್ತು.

"ನೀ ಎರಡ ಬಾರ ಅಂದಿ, ನಾ ಸರದೆ," ಎಂದ ಲಾಲು. "ಈ ಸಲ ಸವಾಲು ಖರೇದಿತ್ತಣ್ಣಾ. ನನಗ ಮೊದಲ ಹೇಳಬೇಕಿತ್ತು."

ಎರಡು ದಿನ ಊರು ತೋಳು ಬಾತು ಜ್ವರ ಬಂದು ಮಲಗಿತು. ಒಬ್ಬರಿಗೊಬ್ಬರು ತೋಳು ತೋರಿಸಿ, ನನ್ನದು ಹೆಚ್ಚು ಬಾತಿದೆ ಎಂದು ಮೆರೆದರು. ಮೂರನೆಯ ದಿನ ಗೌಡನ ಹೆಂಡತಿಯ ತಮ್ಮ ವಾಂತಿ ಮಾಡತೊಡಗಿದ. ಸೂಜಿಯ ಮೊದಲೇ ರೋಗ ಅವನ ಹೊಟ್ಟೆಯಲ್ಲಿತ್ತು. ಅಕ್ಕಿ ತೊಳೆದ ನೀರಿನಂಥದ್ದು ಅವನಿಂದ ಸೋರಿ ಎರಡು ಕೌದಿ, ಒಂದು ಜಮಖಾನೆ ನೆನೆದವು. ಅವನ್ನು ಗೌಡನ ಮನೆಯ ಆಳು ಹೊತ್ತು ತಂದು ಮಡುವಿನಲ್ಲಿ ಅದ್ದಿ, ಕಲ್ಲಿಗೆ ಬಡಿದು ಬಡಿದು ತೊಳೆದ.

ಉಸ್ಮಾನಸಾಬ ಡಬ್ಬಿ ಹಿಡಿದು ಓಡಿದ. "ಹಳ್ಳದಾಗ ಒಗೀಬ್ಯಾಡ್ರಿ. ಹಳ್ಳದಾಗ ಕೂಡ್ರಬ್ಯಾಡ್ರಿ. ತಗ್ಗು ತೋಡ್ರಿ, ಸುಣ್ಣಾ ಹಾಕ್ರಿ."

"ನಮಗ ಸೂಜಿ ಆಗೇತಲ್ಲೋ ಸಾಬಾ," ಎಂದಳು ಮುದಕವ್ವ.

ಅವನು ಹಳೆಯ ಮದ್ದನ್ನೇ ಅರೆದ. "ತಾಂಡೆದವರು ಆಗಲೇ ತಗ್ಗು ತೋಡಾಕ ಹತ್ಯಾರ. ನಿಮಗಿಂತ ಮೊದಲ."

"ತೋಡಲಿ," ಎಂದಳು ಮುದಕವ್ವ. "ತಗ್ಗಿಗೆ ಯಾರು ಲಿಲಾವು ಹಿಡೀತಾರೋ?"

ಸೊಸೆಯ ಬೆರಳು ಅವಳ ತಲೆಯಲ್ಲಿ ನಿಲ್ಲದೆ ಓಡಾಡುತ್ತಿತ್ತು. ಚಟ್ ಎಂದು ಒಂದು ಹೇನು ಕುಟ್ಟಿದಳು. ಉಸ್ಮಾನಸಾಬ ಮುಖ ತಿರುಗಿಸಿದ. ಆ ಉಗುರಿನ ಮೇಲಿನ ರಕ್ತಕ್ಕೋ, ಆ ತಲೆಗೋ, ಅದನ್ನು ತಿರುಗಿಸಲು ತಾನು ಕಟ್ಟಿದ ಆಟಕ್ಕೋ ಗೊತ್ತಾಗಲಿಲ್ಲ. ಮನೆಯಿಂದ ಸಲಿಕೆ ತಂದು ತಾನೇ ಒಂದು ತಗ್ಗು ತೋಡಿದ. ಯಾರೂ ಅಲ್ಲಿಗೆ ಹೋಗಲಿಲ್ಲ. ಮರುದಿನ ಅದರಲ್ಲೊಂದು ನಾಯಿ ಮಲಗಿತ್ತು.

ತಾಂಡೆಗೆ ಹೋಗಿ ವರತೆಯ ನೀರು ಕುಡಿಯಬೇಡಿ ಎಂದ. ಗಂಗಿಬಾಯಿ ಕೊಡ ಕೆಳಗಿಡಲಿಲ್ಲ.

"ಮತ್ತ ಏನ ಕುಡೀಲೋ ಭಾಯಿ? ನೀ ಕೂಗೂದ ಕುಡದ್ರ ನೀರಡಿಕಿ ಹೊಕ್ಕೈತೇನು?"

ತಾಂಡೆಯವರಿಗೆ ನಾಲ್ಕು ದಿನ ಬಾವಿ ಬಿಡಿ ಎಂದು ಗೌಡನನ್ನು ಕೇಳಿದ. "ನಿನಗ ಬಾವಿ ಹಗ್ಗಾ ಮುಟ್ಟಾಕ ಬಿಟ್ಟಿದ್ದ ದೊಡ್ಡ ತಪ್ಪಾತು," ಎಂದ ಗೌಡ, ಹಾಸಿಗೆ ಹಿಡಿದ ನೆಂಟನ ಬಾಗಿಲಿಗೆ ಬೆನ್ನು ಮಾಡಿ ಕೂತು. ಕಡೆಗೆ ರಹಿಮತಬಿ ನೀರು ಸೇದಿ ಕೊಟ್ಟಳು, ಉಸ್ಮಾನಸಾಬ ಅಡ್ಡೆಯ ಎರಡು ತುದಿಗೆ ಎರಡು ಕೊಡ ಕಟ್ಟಿ ಹೊತ್ತ. ಬೆರಳಿಲ್ಲದ ಕಾಲು ಉಸುಕಿನಲ್ಲಿ ಹಿಡಿತ ಸಿಗದೆ ಜಾರಿ, ಅರ್ಧ ಮೈಲಿಯಲ್ಲಿ ಅರ್ಧ ನೀರು ಚೆಲ್ಲುತ್ತಿತ್ತು. ದಿನಕ್ಕೆ ಐದು ಸಲ ಹೋದ. ಮೇ ತಿಂಗಳ ಬಿಸಿಲಲ್ಲಿ ಅರವತ್ತೆರಡು ಜನರಿಗೆ ಅದು ಯಾವ ಮೂಲೆಗೂ ಸಾಲಲಿಲ್ಲ. ಮಕ್ಕಳು ಅದನ್ನು ಕುಡಿದು ಮತ್ತೆ ವರತೆಗೆ ಹೋದವು.

ಐದನೆಯ ದಿನ ತಾಂಡೆಯಲ್ಲಿ ಗೇಮಪ್ಪ ನಾಯಕ ಬಿದ್ದ. ಆಮೇಲೆ ಮನೆ ಬಿಡದೆ ಬಂತು. ಉಸ್ಮಾನಸಾಬ ನೀರು ಹೊತ್ತು ಹೋದಾಗಲೆಲ್ಲ ವಾಸನೆ ದಾರಿಯ ತಿರುವಿನಲ್ಲೇ ಎದುರಾಗುತ್ತಿತ್ತು. ಹೊಲಸು ಗುಡಿಸಲ ಬಾಗಿಲಿನಿಂದ ಹರಿದು ಒಣ ನೆಲದ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿತ್ತು, ಅದರ ಮೇಲೆ ನೊಣ ಕರಿ ಕಂಬಳಿಯಂತೆ ಕೂತಿತ್ತು. ಮೇಲಿನ ಮಡುವಿನಲ್ಲಿ ಊರವರು ಎಮ್ಮೆ ತೊಳೆಯುತ್ತಲೇ ಇದ್ದರು.

ಎಂಟನೆಯ ದಿನ ಲಾಲು ಬರಿಮೈಯಲ್ಲಿ ಕೂತಿದ್ದ. ಕೋಟು ಎಲ್ಲಿ ಎಂದು ಉಸ್ಮಾನಸಾಬ ಕೇಳಿದ.

"ಸಣ್ಣಾಕಿಗೆ ಸುತ್ತಿ ಮಣ್ಣ ಮಾಡಿದೆ," ಎಂದ ಲಾಲು. "ಅಡ್ಡಿ ಇಳಸಣ್ಣಾ. ಹೆಗಲು ಕಿತ್ತೈತಿ ನಿಂದು."

ಚನಬಸಪ್ಪ ಹನ್ನೊಂದನೆಯ ದಿನ ಐದು ಬಾಟಲಿ ತಂದ. ಚಾವಡಿಯಲ್ಲಿ ಪುಸ್ತಕ ಬಿಚ್ಚಿ ಸತ್ತವರ ಪಟ್ಟಿ ಕೇಳಿದ. ಊರಲ್ಲಿ ಯಾರಿಗೂ ತಾಂಡೆಯವರ ಹೆಸರು ಗೊತ್ತಿರಲಿಲ್ಲವಾದ್ದರಿಂದ ಉಸ್ಮಾನಸಾಬನೇ ಹೇಳಬೇಕಾಯಿತು. ಬಾಕಿನ ಮೇಲೆ ಹತ್ತದೆ, ನೆಲದ ಮೇಲೆ ಕೂತು, ಸಣ್ಣ ದನಿಯಲ್ಲಿ ಹೇಳಿದ. ಚನಬಸಪ್ಪ ಎರಡೆರಡು ಸಲ ಏನು ಎಂದು ಕೇಳಿ ಬರೆದುಕೊಂಡ.

ಹಾಲಕೊಪ್ಪದಲ್ಲಿ ಗೌಡನ ನೆಂಟ ಸತ್ತ, ಕುತ್ತಿಗೆ ಬಾತು ಒಂದು ಎತ್ತು ಸತ್ತಿತು. ತಾಂಡೆಯಲ್ಲಿ ಅರವತ್ತೆರಡು ಜನರಿದ್ದರು. ಗೇಮಪ್ಪ ನಾಯಕ, ಗಂಗಿಬಾಯಿ, ಅವಳ ಕಿರಿಯ ಮಗಳು, ಇನ್ನು ಹದಿನಾರು ಜನ. ಸತ್ತವರು ಒಟ್ಟು ಹತ್ತೊಂಬತ್ತು.